ಬಾಂದುಕಲ್ಲಿನ ಮೇಲಿರುವುದನ್ನು ಓದಲು ನಮಗೂ ಕಲಿಸಿ

ಆಯುಕ್ತರು,
ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು
ಹಾಗೂ ರಾಜ್ಯದ ವಿಶ್ವವಿದ್ಯಾಲಯಗಳ ಇತಿಹಾಸ, ಪುರಾತತ್ತ್ವ ವಿಭಾಗಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ಶಿಕಾರಿಪುರ, ಸೊರಬ ಕಡೆ ಕೆಲಸ ಮಾಡುವ ಲೈಸೆನ್ಸ್ ಸರ್ವೇಯರ್. ಹದ್ದುಬಸ್ತು, ಪೋಡಿ, 11-ಇ ನಕ್ಷೆ ಎಂದು ಹೊಲ ಗದ್ದೆ ಸುತ್ತುವುದೇ ಹೊಟ್ಟೆಪಾಡು. ಇತಿಹಾಸದಲ್ಲಿ ಯಾವ ಪದವಿಯೂ ನನಗಿಲ್ಲ. ಆದರೂ ಈ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಇಲಾಖೆಯ ಯಾವ ಅಧಿಕಾರಿಗಿಂತಲೂ ಹೆಚ್ಚು ಹಳೆಯ ಕಲ್ಲುಗಳು ನನ್ನಂಥವರ ಕಣ್ಣಿಗೆ ಬೀಳುತ್ತವೆ. ಕಂಡದ್ದೇನು ಎಂದು ಗೊತ್ತಾಗದೆ ನಾವು ಮುಂದಿನ ಸರ್ವೆ ನಂಬರಿಗೆ ಹೋಗಿಬಿಡುತ್ತೇವೆ.

ಕೇಳುತ್ತಿರುವುದು ಇಷ್ಟು: ಆಸಕ್ತಿಯುಳ್ಳ ಯಾರು ಬೇಕಾದರೂ ಸೇರಬಹುದಾದ, ವಿದ್ಯಾರ್ಹತೆ ಕೇಳದ, ಕನ್ನಡದಲ್ಲೇ ನಡೆಯುವ ಪುರಾತತ್ತ್ವ ಮತ್ತು ಸ್ಥಳೀಯ ಇತಿಹಾಸದ ತರಗತಿಗಳನ್ನು ತಾಲ್ಲೂಕು ಮಟ್ಟದಲ್ಲಿ ಶುರುಮಾಡಿ. ಭಾನುವಾರಗಳಲ್ಲಿ ಮಾಡಿ. ಅರ್ಧ ದಿನ ಕೋಣೆಯಲ್ಲಿ, ಅರ್ಧ ದಿನ ಬಯಲಲ್ಲಿ.

ಹಳೆಯ ಅಗ್ರಹಾರವೊಂದರ ಪಕ್ಕದ ಜಮೀನಿಗೆ ಗಡಿ ಗುರುತಿಸಲು ಹೋಗಿದ್ದೆ. ಸರ್ವೆಯ ಹಳೆಯ ಅಳತೆ ದಾಖಲೆಯಾದ ಟಿಪ್ಪಣಿಯಲ್ಲಿ ತೋರಿಸಿದ ಜಾಗದಲ್ಲೇ ಬಾಂದುಕಲ್ಲು, ಅಂದರೆ ಗಡಿಕಲ್ಲು ಇತ್ತು. ಅದು ಸರ್ವೆ ಇಲಾಖೆ ನೆಟ್ಟ ಕಲ್ಲಾಗಿರಲಿಲ್ಲ. ಮೊಣಕಾಲೆತ್ತರದ ಬಳಪದ ಕಲ್ಲು. ಮೇಲುಗಡೆ ಪೀಠದ ಮೇಲೊಂದು ಲಿಂಗ, ಅದರ ಎರಡು ಪಕ್ಕ ಸೂರ್ಯ ಮತ್ತು ಚಂದ್ರ, ಕೆಳಗೆ ಸವೆದ ನಾಲ್ಕು ಸಾಲು ಅಕ್ಷರ. ಆ ಅಕ್ಷರಗಳ ಮೇಲೆಯೇ ಯಾರೋ ಬಿಳಿ ಪೇಂಟಿನಲ್ಲಿ ದಪ್ಪಗೆ ಸರ್ವೆ ನಂಬರ್ ಬರೆದಿದ್ದರು. ಇಂಥದ್ದಕ್ಕೆ ಲಿಂಗಮುದ್ರೆ ಕಲ್ಲು ಎನ್ನುತ್ತಾರೆ, ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ನೆಡುತ್ತಿದ್ದದ್ದು, ವೈಷ್ಣವ ದತ್ತಿಯಾದರೆ ವಾಮನನೋ ಚಕ್ರವೋ ಇರುತ್ತದೆ, ಜಿನಾಲಯದ್ದಾದರೆ ಮುಕ್ಕೊಡೆ, ಅಂದರೆ ಮೂರು ಕೊಡೆಗಳ ಗುರುತು ಎಂದು ಆಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಹೇಳಿದರು. ಅಂದರೆ ನೂರಾರು ವರ್ಷದ ಹಿಂದೆ ಒಬ್ಬ ಸರ್ವೇಯರ್ ನೆಟ್ಟ ಬಾಂದನ್ನೇ ಬ್ರಿಟಿಷರ ಕಾಲದ ಸರ್ವೇಯರ್ ಒಪ್ಪಿಕೊಂಡಿದ್ದಾನೆ, ಅದನ್ನೇ ನಾನು ರೋವರ್ ಎಂಬ ಉಪಗ್ರಹ ಆಧಾರಿತ ಯಂತ್ರ ಇಟ್ಟು ಅಳೆಯುತ್ತಿದ್ದೇನೆ. ಈ ಸಂಗತಿ ನನಗೆ ವೃತ್ತಿಯ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

ಆ ಮೇಷ್ಟ್ರು ಕಲಿಸಿದ ಇನ್ನೊಂದು ವಿಷಯವನ್ನೂ ಇಲ್ಲಿ ಬರೆಯಲೇಬೇಕು, ಸಾಮಾನ್ಯರಿಗೆ ಎಷ್ಟು ಬೇಗ ಎಷ್ಟು ಕಲಿಸಬಹುದು ಎಂಬುದಕ್ಕೆ. ನಮ್ಮ ಕಡೆಯ ಬಹಳಷ್ಟು ಶಾಸನಗಳು ಕಲ್ಯಾಣದ ಚಾಳುಕ್ಯರ ಕಾಲದವು. ಅವು ಶುರುವಾಗುವುದೇ 'ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ' ಎಂದು. ಆ ಒಂದು ಸಾಲಿನ ಅಕ್ಷರಗಳ ಆಕಾರ ಕಣ್ಣಿಗೆ ಹಿಡಿದರೆ ಸಾಕು, ಮುಂದಿನ ಊರಿನಲ್ಲಿ ಅದೇ ಸಾಲು ಕಂಡಾಗ ಗುರುತು ಸಿಗುತ್ತದೆ. ಇನ್ನೂ ಕೆಳಗೆ 'ಚಾಳುಕ್ಯ ವಿಕ್ರಮ ವರ್ಷದ 21ನೆಯ ಧಾತು ಸಂವತ್ಸರ' ಎಂದಿದ್ದರೆ ಲೆಕ್ಕ ಸುಲಭ. ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ 1076ನೆಯ ಇಸವಿ ಆ ಶಕೆಯ ಮೊದಲ ವರ್ಷ, ಹಾಗಾಗಿ 21ನೆಯದು 1096. ಸರಿಯೇ ಎಂದು ನೋಡಲು ಅರವತ್ತು ಸಂವತ್ಸರಗಳ ಪಟ್ಟಿ ಇದೆ. 1076 ನಳ, ಅಲ್ಲಿಂದ ಇಪ್ಪತ್ತು ಮುಂದೆ ಎಣಿಸಿದರೆ ಧಾತು, ತಾಳೆಯಾಯಿತು. ಪಂಚಾಂಗ ನೋಡಲು ಬರುವ ಯಾವ ಅಜ್ಜಿಗೂ ಇದು ಕಷ್ಟವಲ್ಲ. ಕ್ಷೇತ್ರಫಲ ಲೆಕ್ಕ ಹಾಕುವ ನನಗಂತೂ ಅಲ್ಲವೇ ಅಲ್ಲ.

ದಾನಶಾಸನದ ಕೊನೆಗೆ ಬರುವ ಎಲ್ಲೆಯ ವಿವರ ಓದಿಸಿಕೊಂಡಾಗ ನಗು ಬಂತು. ಮೂಡಲು ಇಂಥ ಹಳ್ಳ, ತೆಂಕಲು ನಟ್ಟ ಕಲ್ಲು, ಪಡುವಲು ಹೆದ್ದಾರಿ, ಬಡಗಲು ಕೆರೆಯ ಕೋಡಿ. ಇವತ್ತು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಬರೆಸುವ ಚಕ್ಕುಬಂದಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಜಮೀನು ಅಳೆದ ಕೋಲನ್ನೂ ಹೆಸರಿಸುತ್ತಾರೆ. ಬಳ್ಳಿಗಾವೆಯ ಕಡೆ ಅದಕ್ಕೆ ಭೇರುಂಡ ಗಳೆ ಎಂದು ಹೆಸರು. ಮತ್ತರು ಎಂಬ ಅಳತೆ ಯಾವ ಗಳೆಯಲ್ಲಿ ಅಳೆದದ್ದು ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತಿತ್ತಂತೆ. ನಮ್ಮಲ್ಲೂ ಸರಪಳಿಯ ಕಾಲದ ವಿಸ್ತೀರ್ಣಕ್ಕೂ ಈಗಿನ ಯಂತ್ರದ ವಿಸ್ತೀರ್ಣಕ್ಕೂ ಜಗಳ ಇದ್ದದ್ದೇ. ಸರ್ವೇಯರ್‌ಗಳಿಗೆ ಶಾಸನ ಓದಲು ಕಲಿಸಿದರೆ ನಿಮಗೆ ಹೊಸದೇನೋ ಸಿಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆ ಎಲ್ಲೆಗಳನ್ನು ಇವತ್ತಿನ ಗ್ರಾಮನಕ್ಷೆಯ ಮೇಲೆ ಕೂರಿಸುವ ಕೆಲಸ ನಮ್ಮಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತದೆ?

ಇದು ಹವ್ಯಾಸಿಗಳ ಕೆಲಸವಲ್ಲ ಎನ್ನುವವರಿಗೆ ನಿಮ್ಮ ಇಲಾಖೆಯ ಹುಟ್ಟನ್ನೇ ನೆನಪಿಸಬೇಕಾಗುತ್ತದೆ. ಬಿ.ಎಲ್. ರೈಸ್ ಬೆಂಗಳೂರಿನಲ್ಲಿ ಮೇಷ್ಟ್ರಾಗಿದ್ದವರು, ಆಮೇಲೆ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ಮುಖ್ಯಸ್ಥರು. ಶಾಲೆಗಳ ತಪಾಸಣೆಗೆಂದು ಊರೂರು ತಿರುಗುವಾಗ ಕಲ್ಲುಗಳು ಕಣ್ಣಿಗೆ ಬಿದ್ದವು. 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುವಾದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಗ್ರಂಥಮಾಲೆ ಮುಗಿಯುವ ಹೊತ್ತಿಗೆ ಹನ್ನೆರಡು ಸಂಪುಟ, ಒಂಬತ್ತು ಸಾವಿರದ ಹತ್ತಿರ ಶಾಸನ. ಇವತ್ತಿಗೂ ತಾಳಗುಂದದ ಸ್ತಂಭಶಾಸನವನ್ನು ವಿದ್ವಾಂಸರು 'ಶಿಕಾರಿಪುರ 176' ಎಂದು ಆ ಸಂಪುಟದ ನಂಬರಿನಿಂದಲೇ ಕರೆಯುತ್ತಾರೆ. ಧಾರವಾಡ ಸೀಮೆಯಲ್ಲಿ ರೈಸ್‌ಗೂ ಮೊದಲೇ ಶಾಸನಗಳ ನಕಲು ಮಾಡಿಸಿದ ವಾಲ್ಟರ್ ಎಲಿಯಟ್ ಕಂದಾಯದ ಅಧಿಕಾರಿ. ಸುರಪುರದ ಬಯಲಿನ ಕಲ್ಗೋರಿಗಳ ಬಗ್ಗೆ ಮೊದಲು ಬರೆದ ಮೆಡೋಸ್ ಟೇಲರ್ ಸೈನ್ಯ ಮತ್ತು ಆಡಳಿತದ ಮನುಷ್ಯ. ಬಳ್ಳಾರಿ ಸುತ್ತಿನ ಶಿಲಾಯುಗದ ಕೊಡಲಿಗಳನ್ನು ಹೆಕ್ಕಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಬಂಡೆ 1915ರಲ್ಲಿ ಕಂಡದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗೆ. ಇವರಲ್ಲಿ ಯಾರೂ ಪುರಾತತ್ತ್ವದ ಸಂಬಳಕ್ಕೆಂದು ಮನೆಬಿಟ್ಟವರಲ್ಲ.

ಅವರೆಲ್ಲ ದೊರೆಗಳು, ಕೈಕೆಳಗೆ ಗುಮಾಸ್ತರಿದ್ದರು, ಪಂಡಿತರಿದ್ದರು ಎನ್ನಬಹುದು. ನಿಜ. ಹಾಗಾದರೆ ಹತ್ತಿರದ್ದನ್ನೇ ನೋಡಿ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಹೊರಬಿದ್ದ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಅದನ್ನು ಗುರುತಿಸಿ, ಉಳಿಸಿ, ಮಂಟಪ ಕಟ್ಟಿ ನಿಲ್ಲಿಸಿದ್ದರ ಹಿಂದೆ ಇದ್ದವರು ಎಂಜಿನಿಯರುಗಳು, ಸಾಫ್ಟ್‌ವೇರ್ ನೌಕರರು, ಆ ಬಡಾವಣೆಯ ನಿವಾಸಿಗಳು. ಆ ಗುಂಪಿನ ಉತ್ಸಾಹದಿಂದಲೇ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಸ್ಥೆಯಲ್ಲಿ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುವ ಕೆಲಸ ನಡೆಯುತ್ತಿದೆ. ನಮ್ಮ ಜಿಲ್ಲೆಯಲ್ಲೇ ಕೆಳದಿ ಗುಂಡಾ ಜೋಯಿಸರು ಓಲೆಗರಿ, ಕಡತ, ನಾಣ್ಯ ಕೂಡಿಸಿ ಬೆಳೆಸಿದ ಸಂಗ್ರಹಾಲಯ ಇದೆ. ಆಸೆ ಇರುವವರಿಗೆ ದಾರಿ ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ತರಗತಿಗಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಶಾಸನಶಾಸ್ತ್ರದ ಡಿಪ್ಲೊಮಾ ನಡೆದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರಕ್ಕೆ ವಿಭಾಗವೇ ಇದೆ, ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಇದೆ. ಶಾಲಾಮಕ್ಕಳಿಗೆ ನಿಮ್ಮ ಇಲಾಖೆಯ ಪ್ರಾಚ್ಯಪ್ರಜ್ಞೆ ಕಾರ್ಯಕ್ರಮ ಇದೆ. ಮಕ್ಕಳಿಗೆ ಉಂಟು, ಎಂ.ಎ. ಓದುವವರಿಗೆ ಉಂಟು, ಬೆಂಗಳೂರಿನಲ್ಲಿರುವವರಿಗೆ ಉಂಟು. ನಲವತ್ತು ದಾಟಿದ, ಹಳ್ಳಿಯಲ್ಲಿರುವ, ವಾರವಿಡೀ ದುಡಿಯುವ ಮನುಷ್ಯನಿಗೆ ಏನೂ ಇಲ್ಲ. ಕಲ್ಲು ಇರುವುದು ಅವನ ಹೊಲದಲ್ಲಿ.

ತಾಲ್ಲೂಕು ಕೇಂದ್ರಗಳಲ್ಲಿ ಆಗಾಗ ಒಂದು ದಿನದ ಕಾರ್ಯಾಗಾರ ಆಗುತ್ತದೆ, ಅದೂ ಗೊತ್ತು. ಅಂಥದ್ದೊಂದಕ್ಕೆ ಹೋಗಿದ್ದೆ. ಉದ್ಘಾಟನೆ, ಶಾಲು, ಹಾರ, ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಊಟದ ಸಮಯವಾಯಿತು. ಮಧ್ಯಾಹ್ನ ಪರದೆಯ ಮೇಲೆ ಬೇಲೂರು, ಹಳೇಬೀಡು, ಹಂಪಿ. ಹತ್ತು ನಿಮಿಷ ನಡೆದರೆ ಸಿಗುವ ಕೆರೆಏರಿಯ ವೀರಗಲ್ಲುಗಳ ಸಾಲಿಗೆ ಯಾರೂ ಕರೆದೊಯ್ಯಲಿಲ್ಲ. ಸಂಜೆ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ದಯವಿಟ್ಟು ಅಂಥದ್ದು ಬೇಡ.

ಬೇಕಾದದ್ದು ಬಯಲಿನ ಪಾಠ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಲಿಂಗದ ಮುಂದೆ ಕೂತಿರುವುದು. ಕೆಳಗೆ ದನಗಳಿದ್ದರೆ ತುರುಗೊಳ್, ಅಂದರೆ ದನ ಹಿಡಿಯುವ ಕಾಳಗ, ಹೆಂಗಸರಿದ್ದರೆ ಪೆಣ್ಬುಯ್ಯಲ್, ಅಂದರೆ ಹೆಣ್ಣಿನ ಮೊರೆಗೆ ಓಗೊಟ್ಟು ಮಾಡಿದ ಕಾಳಗ. ಇದನ್ನು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೋರಿಸಿದರೆ ಒಂದೇ ಸಲಕ್ಕೆ ಮನಸ್ಸಿಗೆ ಇಳಿಯುತ್ತದೆ. ಸವೆದ ಅಕ್ಷರ ಕಾಣಲು ಸುಣ್ಣ, ಹಿಟ್ಟು, ಸೀಮೆಸುಣ್ಣ ಉಜ್ಜುವುದು ಎಲ್ಲ ಕಡೆ ನಡೆದಿದೆ. ಅದು ಕಲ್ಲಿಗೆ ಕೆಡುಕು. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಅಡ್ಡಲಾಗಿ ಹಿಡಿದರೆ ಹಗಲು ಕಾಣದ ಸಾಲು ನೆರಳಿನಿಂದ ಎದ್ದು ಬರುತ್ತದೆ, ಖರ್ಚಿಲ್ಲ, ಹಾನಿಯಿಲ್ಲ. ಹಾಗೆಯೇ ಪಡಿಯಚ್ಚು ತೆಗೆಯುವುದನ್ನು ಒಮ್ಮೆಯಾದರೂ ಕಣ್ಣಾರೆ ತೋರಿಸಬೇಕು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿಬಡಿದು ಅಕ್ಷರದ ಗುಳಿಗೆ ಇಳಿಸಿ, ಮಸಿಯ ಬಟ್ಟೆಯುಂಡೆಯಿಂದ ತಟ್ಟುತ್ತಾ ಹೋದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಮೂಡುವುದನ್ನು ನೋಡಿದವನು ಆಮೇಲೆ ಯಾವ ಶಾಸನದ ಮೇಲೂ ಪೇಂಟ್ ಬಳಿಯಲಾರ.

ಅಕ್ಷರವಿಲ್ಲದ ಸಾಕ್ಷಿಗಳು ಇನ್ನೂ ಅನಾಥ. ಶಾಸನಕ್ಕಾದರೂ ಜನ ಅರಿಸಿನ ಕುಂಕುಮ ಹಚ್ಚುತ್ತಾರೆ. ಹೊಲದಲ್ಲಿ ಬಿದ್ದ ಕಪ್ಪು-ಕೆಂಪು ಮಡಕೆ ಚೂರು, ಕಬ್ಬಿಣ ಕರಗಿಸಿದ ಕಿಟ್ಟ, ಬೆರಳುಗುರಿನಷ್ಟು ಸಣ್ಣ ಕಲ್ಲಿನ ಅಲಗು ಇವನ್ನು ಗುರುತಿಸುವವರೇ ಇಲ್ಲ. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಮೂಳೆ ಸುಟ್ಟ ಬೂದಿ ಎನ್ನುತ್ತಿದ್ದರು, ಹಂಪಿ ಹತ್ತಿರದ ನಿಂಬಾಪುರದ್ದಂತೂ ವಾಲಿಯ ಚಿತೆ. ಅದು ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಕೂಡಿಹಾಕಿ ಸುಟ್ಟ ಸಗಣಿ ಎಂದು ಉತ್ಖನನದಿಂದ ತಿಳಿಯಿತು. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಮೋರ್ಯರ ಮನೆ ಎನ್ನುತ್ತಾರೆ, ಬೇರೆ ಕಡೆ ಪಾಂಡವರ ಮನೆ. ಕಥೆ ಇರಲಿ, ಅದನ್ನೂ ಬರೆದಿಡಬೇಕು, ಸ್ಥಳೀಯ ಇತಿಹಾಸ ಎಂದರೆ ಅದೂ ಸೇರಿಯೇ. ಆದರೆ ಮಣ್ಣು ಒಳ್ಳೆಯ ಗೊಬ್ಬರವೆಂದು ಹಾಳೂರಿನ ದಿಬ್ಬವನ್ನೇ ಟ್ರ್ಯಾಕ್ಟರಿನಲ್ಲಿ ತುಂಬಿ ಒಯ್ಯುವವನಿಗೆ ಅದರಲ್ಲಿ ಏನಿದೆ ಎಂದು ಒಮ್ಮೆ ತೋರಿಸಿದವರು ಯಾರು? ನಮ್ಮ ಕಡೆ ಅಡಿಕೆ ತೋಟಕ್ಕೆ, ಶುಂಠಿಗೆ ಎಂದು ಜೆಸಿಬಿ ಹಚ್ಚಿ ಮಟ್ಟ ಮಾಡದ ಗುಡ್ಡವೇ ಉಳಿದಿಲ್ಲ. ನನ್ನ ಕೇಳಿದರೆ ತರಗತಿಯ ಮೊದಲ ಸಾಲಿನಲ್ಲಿ ಕೂರಿಸಬೇಕಾದವರು ಜೆಸಿಬಿ ಚಾಲಕರು.

ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಎಂದು ಒಂದು ವರ್ಗ ಇದೆ. ಹೆಸರಿದೆ, ಗಡಿಯಿದೆ, ನಕ್ಷೆಯಿದೆ, ಜನವಸತಿ ಇಲ್ಲ. ಪ್ರತಿ ತಾಲ್ಲೂಕಿನಲ್ಲೂ ಇಂಥ ಊರುಗಳಿವೆ. ಪ್ಲೇಗೋ, ಬರವೋ, ಕೆರೆ ಒಡೆದದ್ದೋ, ಯಾವುದೋ ಕಾರಣಕ್ಕೆ ಜನ ಬಿಟ್ಟುಹೋದ ನೆಲೆಗಳು ಅವು. ಎಲ್ಲಿ ಹುಡುಕಬೇಕು ಎಂಬ ಸಿದ್ಧ ಪಟ್ಟಿ ತಹಶೀಲ್ದಾರ್ ಕಚೇರಿಯಲ್ಲೇ ಕೂತಿದೆ. ತರಗತಿಗೆ ಬಂದವರಿಗೆ ತಲಾ ಒಂದು ಬೇಚಿರಾಕ್ ಊರು ಹಂಚಿ, ವರ್ಷದಲ್ಲಿ ಒಂದು ವರದಿ ಕೇಳಿ. ನಿಮ್ಮ ಇಲಾಖೆ ಗ್ರಾಮವಾರು ಸರ್ವೇಕ್ಷಣೆ ಮಾಡಿಸುತ್ತಿದೆ, ಒಳ್ಳೆಯ ಕೆಲಸ. ಆದರೆ 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 29 ಸಾವಿರಕ್ಕೂ ಹೆಚ್ಚು ಹಳ್ಳಿಗಳಿವೆ. ಸಿಬ್ಬಂದಿಯಿಂದಲೇ ಆಗುವ ಮಾತಲ್ಲ.

ಇಲ್ಲಿ ಎರಡು ಆಕ್ಷೇಪ ಬರುತ್ತದೆ ಎಂದು ಗೊತ್ತು. ಮೊದಲನೆಯದು: ಊರವರಿಗೆ ಕಲಿಸಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ. ನಿಧಿಗಳ್ಳರು ಯಾವ ತರಗತಿಗೂ ಕಾಯುತ್ತಿಲ್ಲ ಸ್ವಾಮಿ. ನಂದಿಯ ಹೊಟ್ಟೆ ಸೀಳಿದ್ದು, ಲಿಂಗ ಕಿತ್ತು ಗುಂಡಿ ತೋಡಿದ್ದು ನೀವೂ ನೋಡಿದ್ದೀರಿ. ಸೂರ್ಯ ಚಂದ್ರ ಕಂಡರೆ, ಹಸು ಕರು ಕಂಡರೆ ಅಡಿಯಲ್ಲಿ ಕೊಪ್ಪರಿಗೆ ಇದೆ ಎಂದು ನಂಬುವವರು ಅವರು. ಸೂರ್ಯ ಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂಬುದಕ್ಕೆ ಆ ಚಿತ್ರ, ದಾನವನ್ನು ಅಳಿಪಿದವನಿಗೆ (ಕೆಡಿಸಿದವನಿಗೆ) ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ ಎಂದು ಕೆಳಗೇ ಬರೆದಿದೆ ಎಂದು ಊರಿನ ಹತ್ತು ಜನಕ್ಕೆ ಗೊತ್ತಿದ್ದರೆ ಹಾರೆ ಹಿಡಿದು ಬಂದವನಿಗೆ ಊರೊಳಗಿನ ನೆರವು ಸಿಗುವುದಿಲ್ಲ. ಅಗೆಯುವುದನ್ನು ಕಲಿಸಿ ಎಂದು ನಾನು ಕೇಳುತ್ತಲೇ ಇಲ್ಲ. ಮುಟ್ಟದೆ ಇರುವುದನ್ನು ಕಲಿಸಿ. ಫೋಟೋದಲ್ಲಿ ಅಳತೆಪಟ್ಟಿ ಇಡುವುದು, ದಿಕ್ಕು ಬರೆಯುವುದು, ಸರ್ವೆ ನಂಬರ್ ಮತ್ತು ಜಿಪಿಎಸ್ ಗುರುತು ಹಾಕುವುದು, ಕಲ್ಲನ್ನು ಇದ್ದಲ್ಲೇ ಬಿಡುವುದು.

ಎರಡನೆಯದು ಕಲಿಸುವವರು ಎಲ್ಲಿದ್ದಾರೆ ಎಂಬುದು. ಪ್ರತಿ ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸದ, ಕನ್ನಡದ ಅಧ್ಯಾಪಕರಿದ್ದಾರೆ. ನಿವೃತ್ತ ಶಾಸನತಜ್ಞರಿದ್ದಾರೆ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರಬಂಧ ಓದುವವರಲ್ಲಿ ಅನೇಕರು ಜಿಲ್ಲೆ ತಾಲ್ಲೂಕುಗಳವರೇ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಬಸ್ ಚಾರ್ಜು, ಗೌರವಧನ ಕೊಟ್ಟರೆ ಬರುತ್ತಾರೆ.

ನಿಜವಾದ ಅಡ್ಡಿ ಬೇರೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರೈತನಿಗೆ ಭಯ. ಹೊಲದಲ್ಲಿ ಕಲ್ಲು ಸಿಕ್ಕಿತು ಎಂದರೆ ಜಮೀನು ಸರ್ಕಾರಕ್ಕೆ ಹೋಗುತ್ತದೆ ಎಂದು. ಹಾಗಾಗಿ ರಾತ್ರೋರಾತ್ರಿ ಹೂಳುತ್ತಾನೆ, ಇಲ್ಲವೇ ಹಳ್ಳಕ್ಕೆ ಉರುಳಿಸುತ್ತಾನೆ. ನೂರು ಮೀಟರ್ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿರ್ಬಂಧ ಎಂಬ 2010ರ ತಿದ್ದುಪಡಿ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಅನ್ವಯಿಸುವುದು. ಬದುವಿನ ಮೇಲಿನ ವೀರಗಲ್ಲಿಗೆ ಅದು ತಾನಾಗಿ ಅಂಟಿಕೊಳ್ಳುವುದಿಲ್ಲ. ನೆಲದಡಿ ಬೆಲೆಬಾಳುವ ವಸ್ತು ಸಿಕ್ಕರೆ ತಿಳಿಸಬೇಕು ಎನ್ನುವ ನಿಧಿ ಕಾಯ್ದೆ 1878ರಷ್ಟು ಹಳೆಯದು, ಅದರಲ್ಲಿ ಸಿಕ್ಕವನಿಗೂ ಭೂಮಾಲೀಕನಿಗೂ ಪಾಲಿನ ಮಾತು ಇತ್ತು, ಈಗ ನಮ್ಮ ರಾಜ್ಯಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಇದನ್ನು ಸರಳ ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿದ್ದನ್ನು ನಾನು ಎಲ್ಲೂ ನೋಡಿಲ್ಲ. ತರಗತಿಯ ಮೊದಲ ಪಾಠ ಇದೇ ಆಗಲಿ.

ಇನ್ನೊಂದು, ಅನುಮಾನ ಪಡುವುದನ್ನು ಕಲಿಸಿ. ತಾಳಗುಂದದ ಪ್ರಣವೇಶ್ವರ ಗುಡಿಯ ಆವರಣದಲ್ಲಿ 2013ರಲ್ಲಿ ಸಿಂಹಕಟಾಂಜನ ಶಾಸನ ಸಿಕ್ಕಾಗ 370ನೆಯ ಇಸವಿ, ಹಲ್ಮಿಡಿಗಿಂತ ಹಳೆಯದು ಎಂದು ಸುದ್ದಿಯಾಯಿತು. ನಮ್ಮ ತಾಲ್ಲೂಕಿನವರಿಗೆ ಹೆಮ್ಮೆ ಆಗದೆ ಇರುತ್ತದೆಯೇ? ಆದರೆ ಆ ಕಾಲನಿರ್ಣಯವನ್ನು ಒಪ್ಪದ ವಿದ್ವಾಂಸರಿದ್ದಾರೆ, ಕಲ್ಲಿನ ಮೇಲೆ ಇಸವಿ ಇಲ್ಲ, ಲಿಪಿ ನೋಡಿ ಕಾಲ ಹೇಳುವುದರಲ್ಲಿ ಜಗ್ಗಾಟ ಇದ್ದೇ ಇರುತ್ತದೆ ಎಂಬುದು ನಮಗೆ ತಲುಪಲೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ತಲುಪಿದ್ದು ಬರೀ ಅಂಕಿ. ಪ್ರತಿ ಗುಡಿಯೂ ಜಕಣಾಚಾರಿಯದು, ಪ್ರತಿ ವೀರನೂ ನಮ್ಮ ಜಾತಿಯವನು ಎಂಬ ಇತಿಹಾಸಕ್ಕೆ ಊರಿನಲ್ಲಿ ಬರವಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಬರೆಯುವ ಶಿಸ್ತನ್ನು ಯಾರಾದರೂ ಹೇಳಿಕೊಡಬೇಕು, ಅದು ನಿಮ್ಮಿಂದಲೇ ಆಗಬೇಕು.

ಕೊನೆಗೆ ವರದಿಯ ಮಾತು. ಒಂದು ಊರಿನ ಸೇತುವೆ ಪಕ್ಕದ ಶಾಸನದ ಫೋಟೋ, ನಕ್ಷೆ ಎಲ್ಲ ಸೇರಿಸಿ ಸಂಬಂಧಪಟ್ಟ ಕಚೇರಿಯೊಂದಕ್ಕೆ ಕಳಿಸಿದ್ದೆವು. ಉತ್ತರ ಬರಲಿಲ್ಲ. ರಸ್ತೆ ಅಗಲವಾಯಿತು, ಈಗ ಅದರ ಮೇಲೆ ಕಾಂಕ್ರೀಟು. ಕಲಿತವರು ಕಳಿಸುವ ವರದಿಗೆ ಒಂದು ನಂಬರು, ಒಂದು ತಿಂಗಳೊಳಗೆ ಒಂದು ಸಾಲಿನ ಉತ್ತರ: ಇದು ಈಗಾಗಲೇ ಅಚ್ಚಾಗಿದೆ, ಅಥವಾ ಇದು ಹೊಸದು, ಬಂದು ನೋಡುತ್ತೇವೆ. ಇಷ್ಟಿಲ್ಲದಿದ್ದರೆ ಎಷ್ಟು ಕಲಿಸಿದರೂ ವ್ಯರ್ಥ, ಎರಡನೇ ವರ್ಷಕ್ಕೆ ಯಾರೂ ಬರುವುದಿಲ್ಲ.

ಜೋಳ, ಭತ್ತದ ಕಟಾವು ಮುಗಿದು ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಹೊಲಗಳು ಬರಿದಾಗಿರುತ್ತವೆ. ಹುಲ್ಲು ಒಣಗಿ ನೆಲ ಕಾಣುತ್ತದೆ, ಮಡಕೆ ಚೂರು ಕಾಣುತ್ತದೆ, ಕೆರೆಯಲ್ಲಿ ನೀರು ಇಳಿದು ತೂಬಿನ ಕಲ್ಲು ಕಾಣುತ್ತದೆ. ಮಳೆಗಾಲದಲ್ಲಿ ತರಗತಿ ಇಟ್ಟರೆ ಪ್ರಯೋಜನವಿಲ್ಲ. ದೀಪಾವಳಿಯೊಳಗೆ ಪ್ರಕಟಣೆ ಹೊರಡಿಸಿದರೆ ಮೊದಲ ತಂಡ ಸಂಕ್ರಾಂತಿಯ ನಂತರದ ಭಾನುವಾರ ಬಳ್ಳಿಗಾವೆಯಲ್ಲಿ ಸೇರಬಹುದು. ಕೋಣೆ, ಟೇಪು, ಗ್ರಾಮನಕ್ಷೆ, ಮಧ್ಯಾಹ್ನದ ಊಟ ನಾವು ನೋಡಿಕೊಳ್ಳುತ್ತೇವೆ. ಓದಿಸುವವರೊಬ್ಬರನ್ನು ಕಳಿಸಿ.

ಇಂತಿ ನಂಬುಗೆಯ,
ಶಿಕಾರಿಪುರ ತಾಲ್ಲೂಕಿನ ಒಬ್ಬ ಸರ್ವೇಯರ್